ಮಳೆ ಗೆದ್ದ ಆಲ್ಬಂ, ಮಳೆಗೆ ಸೋತ ಆಲ್ಬಂ

ನಮ್ಮ ಮನೆಯ ಮುಂಭಾಗಕ್ಕೆ ಹೆಂಚು, ಹಿಂದೆ ಆಮೇಲೆ ಕಟ್ಟಿಸಿದ ಕೋಣೆಗೆ ಶೀಟು. ಆ ಶೀಟಿನ ಕೋಣೆ ನನ್ನದು. ನನ್ನ ಹೆವಿ ಮೆಟಲ್, ಅಂದರೆ ಅಬ್ಬರದ ಗಿಟಾರಿನ ರಾಕ್ ಸಂಗೀತದ ಕ್ಯಾಸೆಟ್, ಸಿಡಿ, ಈಚೆಗೆ ಆಸೆಪಟ್ಟು ತರಿಸಿದ ನಾಲ್ಕೈದು ಎಲ್‌ಪಿ ತಟ್ಟೆ ಎಲ್ಲವೂ ಅಲ್ಲೇ ಇವೆ. ಮಡಿಕೇರಿ ಕಡೆ ಒಂದು ಮಳೆಗಾಲ ಕಳೆದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್‌ವರೆಗೆ ಯಾರೋ ಶೀಟಿನ ಮೇಲೆ ಲಾರಿಗಟ್ಟಲೆ ಜಲ್ಲಿ ಸುರಿಯುತ್ತಿರುವ ಹಾಗಿರುತ್ತದೆ. ಪಕ್ಕದಲ್ಲಿ ಕೂತವರ ಮಾತೇ ಕೇಳಿಸುವುದಿಲ್ಲ, ಇನ್ನು ಹಾಡು ಎಲ್ಲಿಂದ ಕೇಳಿಸಬೇಕು?

ಆದರೂ ಕೆಲವು ಆಲ್ಬಂ ಕೇಳಿಸುತ್ತವೆ. ಕೆಲವು ಪೂರ್ತಿ ಮುಳುಗಿ ಹೋಗುತ್ತವೆ. ವಾಲ್ಯೂಮ್ ಜಾಸ್ತಿ ಮಾಡಿದರೂ ಅಷ್ಟೇ. ಶೀಟಿನ ಮಳೆ ಅಂದರೆ ಹಳೇ ಟಿವಿಯಲ್ಲಿ ಚಾನೆಲ್ ಸಿಗದಾಗ ಬರುತ್ತಿತ್ತಲ್ವಾ, ಆ ಸುಯ್ ಅನ್ನುವ ಸದ್ದು, ಅದರ ಹತ್ತು ಪಟ್ಟು. ಅದು ಮೊದಲು ಡ್ರಮ್ಮಿನ ಜೊತೆಗಿನ ಲೋಹದ ತಟ್ಟೆಗಳನ್ನು, ಅಂದರೆ ಸಿಂಬಲ್‌ಗಳನ್ನು ನುಂಗುತ್ತದೆ, ಆಮೇಲೆ ಗಿಟಾರಿನ ಚೂಪನ್ನು, ಆಮೇಲೆ ಹಾಡುವವನ ಮಾತನ್ನು. ಕೊನೆಗೆ ಉಳಿಯುವುದು ಬೇಸ್ ಗಿಟಾರಿನ ತಗ್ಗಿನ ಸದ್ದು, ಡ್ರಮ್ಮಿನ ಗುದ್ದು, ರಿಫ್ಫಿನ (ಸುತ್ತಿ ಸುತ್ತಿ ಬರುವ ಗಿಟಾರ್ ಸಾಲಿನ) ಹೊಟ್ಟೆಯ ಭಾಗ. ಆದ್ದರಿಂದ ನನ್ನ ರೇಟಿಂಗ್‌ನಲ್ಲಿ ಸ್ಟಾರ್ ಇಲ್ಲ. ಮಳೆ ಗೆದ್ದಿತೋ ಆಲ್ಬಂ ಗೆದ್ದಿತೋ, ಅಷ್ಟೇ ಲೆಕ್ಕ.

ಇಂಗ್ಲೆಂಡಿನ ಬ್ಲ್ಯಾಕ್ ಸಬ್ಬತ್ ಬ್ಯಾಂಡಿನಿಂದಲೇ ಶುರು ಮಾಡಬೇಕು, ಬೇರೆ ದಾರಿಯೇ ಇಲ್ಲ. ಅವರ ಮೊದಲ ಆಲ್ಬಂ ಬಂದಿದ್ದು 1970ರ ಫೆಬ್ರವರಿ 13ಕ್ಕೆ. ನುಡಿಸಿ ಹಾಡಿ ಮುಗಿಸಿದ್ದು ಹೆಚ್ಚುಕಡಿಮೆ ಒಂದೇ ದಿನದಲ್ಲಿ. ಈಗಿನವರು ಒಂದು ಸ್ನೇರ್ ಡ್ರಮ್ ಮೈಕ್ ಸರಿ ಮಾಡಲು ಅಷ್ಟು ಹೊತ್ತು ತಗೊಳ್ಳುತ್ತಾರೆ. ಆಲ್ಬಂ ತೆರೆದುಕೊಳ್ಳುವುದೇ ಮಳೆ, ಗುಡುಗು, ದೂರದ ಚರ್ಚ್ ಗಂಟೆಯಿಂದ. ನಾನು ಪಿಯುಸಿಯಲ್ಲಿದ್ದಾಗ ಗೆಳೆಯನ ಹತ್ತಿರ ಕಾಡಿ ಬೇಡಿ ಆ ಕ್ಯಾಸೆಟ್ ತಂದಿದ್ದೆ. ಫೆಬ್ರವರಿ ತಿಂಗಳು, ಕಣದ ತುಂಬಾ ರೋಬಸ್ಟಾ ಹರವಿದ್ದರು. ಟೇಪ್ ಹಾಕಿ ಫುಲ್ ಸೌಂಡ್ ಕೊಟ್ಟೆ. ಅರ್ಧ ನಿಮಿಷ ಆಗಿರಲಿಲ್ಲ, ಅಡುಗೆಮನೆಯಿಂದ ಅವ್ವ ಓಡಿಬಂದು "ಮಳೆ ಬಂತು, ಕಾಫಿ ಮುಚ್ಚೋ!" ಎಂದು ಕೂಗುತ್ತಾ ಟಾರ್ಪಾಲ್ ಎಳೆಯತೊಡಗಿದರು. ಒಂದು ಕೈ ಹಿಟ್ಟಾಗಿತ್ತು, ಕಡುಬಿಗೆ ಕಲಸುತ್ತಿದ್ದರು ಅನ್ನಿಸುತ್ತೆ. ಕಣಕ್ಕೆ ಇಳಿದು ಮೇಲೆ ನೋಡಿದರೆ ಬೆಂಕಿಯಂಥ ಬಿಸಿಲು. ಅವ್ವ ಒಂದು ಸಲ ಆಕಾಶ ನೋಡಿದರು, ಒಂದು ಸಲ ನನ್ನನ್ನು ನೋಡಿದರು. ಅಷ್ಟರಲ್ಲಿ ಆ ಮೊದಲ ರಿಫ್ ಬಂತು, ಮೂರೇ ಸ್ವರ, ಭಾರಕ್ಕೆ ನೆಲ ಕುಸಿದ ಹಾಗೆ. ಅವತ್ತು ಬೈಗುಳ ತಿನ್ನುತ್ತಲೇ ನಾನು ಮೆಟಲ್‌ಗೆ ಬಿದ್ದೆ.

ಅದನ್ನು ನುಡಿಸಿದ ಟೋನಿ ಅಯೋಮಿ ಹದಿಹರೆಯದಲ್ಲಿ ಬರ್ಮಿಂಗ್‌ಹ್ಯಾಮ್‌ನ ಕಾರ್ಖಾನೆಯಲ್ಲಿ ತಗಡಿನ ಕೆಲಸ ಮಾಡುತ್ತಿದ್ದ. ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳಿನ ತುದಿ ಹೋಯಿತು. ಎಡಚನಾದ್ದರಿಂದ ತಂತಿ ಒತ್ತುವುದು ಅದೇ ಕೈಯಲ್ಲಿ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಮತ್ತೆ ಗಿಟಾರ್ ಹಿಡಿದ. ನಮ್ಮ ಕಡೆ ಮರಗಸಿ (ತೋಟದ ನೆರಳಿನ ಮರದ ಕೊಂಬೆ ಕಡಿಯುವ ಕೆಲಸ) ಮಾಡುವಾಗ ಬೆರಳು ಕಳಕೊಂಡು, ಗಾಯ ಮಾಗಿದ್ದೇ ಮತ್ತೆ ಕತ್ತಿ ಹಿಡಿದು ಮರ ಹತ್ತಿದವರನ್ನು ನೋಡಿದ್ದೇನೆ. ಹಾಗಾಗಿ ಈ ಕಥೆ ನನಗೆ ದೂರದ್ದು ಅನ್ನಿಸುವುದಿಲ್ಲ. ಆಮೇಲೆ ಆತ ತಂತಿಗಳನ್ನೂ ಸಡಿಲ ಮಾಡಿದ, ಬೆರಳಿಗೂ ಹಿತ, ಸದ್ದೂ ದಪ್ಪ. 1971ರ ಮಾಸ್ಟರ್ ಆಫ್ ರಿಯಾಲಿಟಿ ಆಲ್ಬಮಿನ ಕೆಲವು ಹಾಡುಗಳಲ್ಲಿ ಗಿಟಾರಿನ ಶ್ರುತಿ ಮಾಮೂಲಿಗಿಂತ ಒಂದೂವರೆ ಮೆಟ್ಟಿಲು ಕೆಳಗೆ ಇಳಿದಿದೆ.

ನನ್ನ ಕಪಾಟಿನಲ್ಲಿ ಮಳೆಯನ್ನು ಪೂರ್ತಿ ಗೆದ್ದ ಆಲ್ಬಂ ಅಂದರೆ ಇದೇ. ಜುಲೈ ತಿಂಗಳ ನಡು ರಾತ್ರಿ ಹಾಕಿ ನೋಡಿ. ಮಳೆ ಮೇಲೆ ಸುರಿಯುತ್ತಲೇ ಇರುತ್ತದೆ, ರಿಫ್ ಅದರ ಕೆಳಗಿನಿಂದ ಕಾಡಾನೆ ಹಾಗೆ ನಡೆದುಕೊಂಡು ಬರುತ್ತದೆ, ಅವಸರ ಇಲ್ಲ, ಯಾರಿಗೂ ದಾರಿ ಬಿಡುವುದೂ ಇಲ್ಲ. ಗೀಜರ್ ಬಟ್ಲರ್‌ನ ಬೇಸ್ ಗೋಡೆಗೆ ಆನಿಸಿದ ಮಂಚದಲ್ಲಿ ಗೊತ್ತಾಗುತ್ತದೆ. ಆಲ್ಬಂ ಶುರುವಾಗುವುದು ಅಯೋಮಿಯ ಕೆಮ್ಮಿನಿಂದ. ಜುಲೈನಲ್ಲಿ ನಮ್ಮ ಮನೆಯಲ್ಲಿ ಎಲ್ಲರಿಗೂ ಕೆಮ್ಮು ಇರುವುದರಿಂದ ಯಾರಿಗೂ ವಿಶೇಷ ಅನ್ನಿಸಿಲ್ಲ. ಅದು ಗಾಂಜಾ ಹೊಗೆಗೆ ಬಂದ ಕೆಮ್ಮು ಅಂತ ಅವ್ವನಿಗೆ ಇನ್ನೂ ಹೇಳಿಲ್ಲ.

ಇಷ್ಟಾದ ಮೇಲೆ ನಾನೊಂದು ಸಿದ್ಧಾಂತ ಮಾಡಿಕೊಂಡೆ. ನಿಧಾನದ ಆಲ್ಬಂ ಮಳೆ ಗೆಲ್ಲುತ್ತದೆ, ಸ್ಪೀಡ್ ಆಲ್ಬಂ ಸೋಲುತ್ತದೆ. ಸ್ಲೇಯರ್ ಬ್ಯಾಂಡಿನವರು ಅದನ್ನು ಹಾಳು ಮಾಡಿದರು. 1986ರ ರೇನ್ ಇನ್ ಬ್ಲಡ್‌ನಲ್ಲಿ ಹತ್ತು ಹಾಡು, ಎಲ್ಲಾ ಸೇರಿ ಸುಮಾರು 29 ನಿಮಿಷ. ಎಷ್ಟು ಚಿಕ್ಕದು ಅಂದರೆ ಕ್ಯಾಸೆಟ್‌ನ ಎ ಸೈಡಿನಲ್ಲೂ ಪೂರ್ತಿ ಆಲ್ಬಂ, ಬಿ ಸೈಡಿನಲ್ಲೂ ಮತ್ತೆ ಪೂರ್ತಿ ಆಲ್ಬಂ ಹಾಕಿ ಬಿಟ್ಟಿದ್ದರು. ಇಷ್ಟು ವೇಗದ್ದು ಶೀಟಿನ ಕೆಳಗೆ ಗಂಜಿ ಆಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಪ್ರೊಡ್ಯೂಸರ್ ರಿಕ್ ರುಬಿನ್ ರಿವರ್ಬ್ (ಸದ್ದಿನ ಗುಂಯ್‌ಗುಟ್ಟುವಿಕೆ) ಎಲ್ಲಾ ತೆಗೆದು ಒಣಗಿಸಿ ಇಟ್ಟಿದ್ದಾನೆ, ಪ್ರತಿ ಏಟೂ ಬೇರೆ ಬೇರೆಯಾಗಿ ಬೀಳುತ್ತದೆ. ಡ್ರಮ್ಮರ್ ಡೇವ್ ಲೊಂಬಾರ್ಡೊನ ಕಾಲಿನ ಕೆಲಸ ಶೀಟಿನ ಸದ್ದಿನ ಒಳಗೂ ಎಣಿಸಬಹುದು. ಅಂದರೆ ವಿಷಯ ಸ್ಪೀಡಿನದು ಆಗಿರಲಿಲ್ಲ. ಸದ್ದು ಸದ್ದಿನ ಮಧ್ಯೆ ಜಾಗ ಬಿಟ್ಟಿದ್ದಾರಾ ಅನ್ನುವುದು ಮುಖ್ಯ. ಒಂದೇ ತಕರಾರು ಏನೆಂದರೆ, ಇದರ ಕೊನೆಯ ಹಾಡು ಮುಗಿಯುವುದೂ ಮಳೆಯ ಸದ್ದಿನಲ್ಲೇ. ಆಲ್ಬಂ ಯಾವಾಗ ಮುಗಿಯಿತು, ಕೊಡಗು ಯಾವಾಗ ಶುರುವಾಯಿತು ಅಂತ ಗೊತ್ತಾಗದೆ ನಾನು ಎಷ್ಟೋ ಸಲ ಸುಮ್ನೆ ಕೂತಿದ್ದೇನೆ.

ಈಗ ಮೆಟಾಲಿಕಾ ಬ್ಯಾಂಡ್. ಇಲ್ಲಿ ನನಗೂ ಗೆಳೆಯರಿಗೂ ಯಾವತ್ತೂ ಜಗಳ. ಅವರ ಮಾಸ್ಟರ್ ಆಫ್ ಪಪೆಟ್ಸ್ ಆಲ್ಬಂ ಬಗ್ಗೆ ಜಗಳ ಇಲ್ಲ ಬಿಡಿ. 1986ರ ಮಾರ್ಚ್‌ನಲ್ಲಿ ಬಂತು, ಅದೇ ಸೆಪ್ಟೆಂಬರ್ 27ಕ್ಕೆ ಸ್ವೀಡನ್‌ನಲ್ಲಿ ಬ್ಯಾಂಡಿನ ಬಸ್ ಮಗುಚಿ ಕ್ಲಿಫ್ ಬರ್ಟನ್ ತೀರಿಕೊಂಡ. ಅವನ ಬೇಸ್ ಕೇಳಬೇಕಾದರೆ ಓರಿಯನ್ ಹಾಕಬೇಕು, ಮಾತೇ ಇಲ್ಲದ ಹಾಡು. ನಡುವೆ ಎಲ್ಲಾ ನಿಂತು ಬೇಸ್ ಒಂದೇ ಉಳಿದು ನಿಧಾನಕ್ಕೆ ಸುತ್ತುವ ಜಾಗ ಇದೆ. ಮಳೆ ಜೋರಿದ್ದಷ್ಟೂ ಅದು ಚೆನ್ನಾಗಿ ಕೇಳುತ್ತದೆ.

ಜಗಳ ಇರುವುದು 1988ರ ಆಂಡ್ ಜಸ್ಟಿಸ್ ಫಾರ್ ಆಲ್ ಬಗ್ಗೆ. ಹಾಡುಗಳು ಒಂದಕ್ಕಿಂತ ಒಂದು ಚೆಂದ, ಹೆಣೆದಿರುವ ರೀತಿ ನೋಡಿದರೆ ಬೆರಗಾಗುತ್ತದೆ. ಆದರೆ ಹೊಸದಾಗಿ ಬಂದ ಜೇಸನ್ ನ್ಯೂಸ್ಟೆಡ್‌ನ ಬೇಸನ್ನು ಮಿಕ್ಸಿಂಗ್‌ನಲ್ಲಿ (ಎಲ್ಲಾ ವಾದ್ಯದ ಸದ್ದು ಸೇರಿಸಿ ಹೊಂದಿಸುವಾಗ) ಎಷ್ಟು ತಗ್ಗಿಸಿದ್ದಾರೆ ಅಂದರೆ ಹುಡುಕಿದರೂ ಸಿಗುವುದಿಲ್ಲ. ಲೆಕ್ಕ ಹಾಕಿ. ಮೇಲಿನದನ್ನೆಲ್ಲಾ ಮಳೆ ತಿನ್ನುತ್ತದೆ. ಕೆಳಗಿನದನ್ನು ಅವರೇ ತೆಗೆದುಬಿಟ್ಟಿದ್ದಾರೆ. ನನ್ನ ಕೋಣೆಗೆ ಉಳಿಯುವುದು ಡ್ರಮ್ಮಿನ ಟಿಕ್ ಟಿಕ್ ಮಾತ್ರ, ಯಾರೋ ಪಕ್ಕದ ಮನೆಯಲ್ಲಿ ಟೈಪಿಂಗ್ ಕಲಿಯುತ್ತಿರುವ ಹಾಗೆ. ಬೇಸ್ ಇಲ್ಲದ ಆ ಆಲ್ಬಮನ್ನು ಬೇಸಿಗೆಗೆ ಅಂತ ಎತ್ತಿಟ್ಟಿದ್ದೇನೆ. ಮಾರ್ಚ್‌ನಲ್ಲಿ ಕಾಫಿ ಹೂ ಬಿಟ್ಟಾಗ, ಕಿಟಕಿ ತೆಗೆದು ಕೇಳಿದರೆ ಅದರಷ್ಟು ಚೆನ್ನಾದ್ದು ಇನ್ನೊಂದಿಲ್ಲ.

2008ರ ಡೆತ್ ಮ್ಯಾಗ್ನೆಟಿಕ್ ಯಾವ ಕಾಲಕ್ಕೂ ಆಗುವುದಿಲ್ಲ. ಹಾಡುಗಳಲ್ಲಿ ದಮ್ಮಿದೆ, ಆದರೆ ಸದ್ದನ್ನು ಎಷ್ಟು ಒತ್ತಿ ತುಂಬಿದ್ದಾರೆ ಅಂದರೆ ಮೆತ್ತಗಿನದು, ಜೋರಿನದು ಅನ್ನುವ ವ್ಯತ್ಯಾಸವೇ ಇಲ್ಲ. ಮಡಿಕೇರಿ ದಸರಾದ ರಾತ್ರಿ ಹತ್ತೂ ಮಂಟಪಗಳು ಒಂದೇ ಸರ್ಕಲ್‌ನಲ್ಲಿ ನಿಂತು ಒಟ್ಟಿಗೆ ಸೌಂಡ್ ಬಿಟ್ಟ ಹಾಗೆ. ಇದೇ ಹಾಡುಗಳು ಗಿಟಾರ್ ಹೀರೋ ವಿಡಿಯೋ ಗೇಮ್‌ನಲ್ಲಿ ಇದಕ್ಕಿಂತ ಸ್ವಚ್ಛವಾಗಿ ಬಂದಿದ್ದವು. ಅದು ಗೊತ್ತಾದ ಮೇಲೆ ಜನ ಮತ್ತೆ ಮಿಕ್ಸ್ ಮಾಡಿಕೊಡಿ ಅಂತ ಸಹಿ ಸಂಗ್ರಹವನ್ನೇ ಮಾಡಿದರು. ಮೊದಲೇ ಗೋಡೆ ಹಾಗಿರುವ ಸದ್ದಿಗೆ ಮಳೆಯ ಗೋಡೆ ಬಂದು ಸೇರಿದರೆ ತಲೆನೋವು ಗ್ಯಾರಂಟಿ.

ಇಷ್ಟು ಬೈದರೂ 2011ರ ಅಕ್ಟೋಬರ್ 30ಕ್ಕೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಶೋಗೆ ನಾನಿದ್ದೆ. ಎರಡು ದಿನ ಮುಂಚೆ ಅವರ ಗುರ್‌ಗಾಂವ್‌ನ ಶೋ ನಿಂತು ಹೋಗಿತ್ತು, ಇಲ್ಲೂ ಹಾಗೇ ಆದರೆ ಅಂತ ಹೆದರಿಕೊಂಡೇ ಬಸ್ ಹತ್ತಿದ್ದು. ಕಾಲಿನ ಕೆಳಗೆ ಕೆಸರು, ಸುತ್ತ ಕಪ್ಪು ಟೀಶರ್ಟ್. ಕೆಸರಿನಲ್ಲಿ ನಿಲ್ಲುವುದು ನಮಗೇನು ಹೊಸದಾ?

ಐರನ್ ಮೇಡನ್ ಬ್ಯಾಂಡಿನವರು 2007ರ ಮಾರ್ಚ್‌ನಲ್ಲೇ ಬೆಂಗಳೂರಿಗೆ ಬಂದಿದ್ದರು, ಆಗ ಅಪ್ಪ ಬಿಡಲಿಲ್ಲ. ಆ ಸಿಟ್ಟು ಇನ್ನೂ ಇದೆ. ಅವರ ಪವರ್‌ಸ್ಲೇವ್ ಆಲ್ಬಂ ಬಂದಿದ್ದು 1984ರಲ್ಲಿ. ಸ್ಟೀವ್ ಹ್ಯಾರಿಸ್ ಬೆರಳಿನಲ್ಲೇ ಕುದುರೆ ಓಡಿಸುತ್ತಾನೆ, ಆ ಬೇಸನ್ನು ಯಾವ ಮಳೆಯೂ ಮುಚ್ಚುವುದಿಲ್ಲ. ಕೊನೆಯ ಹಾಡು ಇಂಗ್ಲಿಷ್ ಕವಿ ಕೋಲ್‌ರಿಜ್‌ನ ಮುದಿ ನಾವಿಕನ ಪದ್ಯದ ಮೇಲೆ ಕಟ್ಟಿದ್ದು, 13 ನಿಮಿಷಕ್ಕೂ ಮೇಲಿದೆ. ನಡುವೆ ಎಲ್ಲಾ ಅಡಗಿ, ನಿಂತ ಹಡಗಿನ ಮರ ಕಿರ್ ಕಿರ್ ಅನ್ನುತ್ತದೆ, ಒಬ್ಬ ಪದ್ಯ ಓದುತ್ತಾನೆ. ಅಲ್ಲಿ ಮಳೆಯೇ ಗೆಲ್ಲುತ್ತದೆ, ಗೆದ್ದರೆ ಗೆಲ್ಲಲಿ, ಎಲ್ಲೆಲ್ಲೂ ನೀರು ಅನ್ನುವ ಹಾಡಿಗೆ ಅದು ಸರಿಯಾಗೇ ಹೊಂದುತ್ತದೆ. ತೊಂದರೆ ಬೇರೆ. ಜುಲೈನಲ್ಲಿ ನಮಗೆ ಒಂದೇ ಸಮ 13 ನಿಮಿಷ ಕರೆಂಟ್ ಇರುವುದೇ ಕಷ್ಟ. ನಾವಿಕ ಊರು ಮುಟ್ಟಿದ್ದನ್ನು ನಾನು ಕೇಳಿದ್ದು ಇನ್ವರ್ಟರ್ ಹಾಕಿಸಿದ ಮೇಲೆ. 1992ರ ಫಿಯರ್ ಆಫ್ ದಿ ಡಾರ್ಕ್ ಆಲ್ಬಮಿನಲ್ಲಿ ಹೆಸರಿನ ಹಾಡು ಬಿಟ್ಟರೆ ಉಳಿದದ್ದು ಸುಮಾರು. ಆ ಒಂದು ಹಾಡನ್ನು ಇಯರ್‌ಫೋನ್ ಹಾಕಿಕೊಂಡು ಕೇಳುತ್ತಾ ರಾತ್ರಿ ತೋಟದ ದಾರಿಯಲ್ಲಿ ಮಾತ್ರ ನಡೆಯಬೇಡಿ. ಹಿಂದೆ ಆನೆ ಬಂದರೂ ಗೊತ್ತಾಗುವುದಿಲ್ಲ.

ಮನೆಗೆ ನೆಂಟರು ಬಂದಾಗ ಹಾಕಬಹುದಾದ ಒಂದೇ ಆಲ್ಬಂ ಎಸಿ/ಡಿಸಿಯ ಬ್ಯಾಕ್ ಇನ್ ಬ್ಲ್ಯಾಕ್. ಮೆಟಲ್ ಅಲ್ಲ, ಹಾರ್ಡ್ ರಾಕ್, ಗೊತ್ತು, ಜಗಳಕ್ಕೆ ಬರಬೇಡಿ. ಹಾಡುಗಾರ ಬಾನ್ ಸ್ಕಾಟ್ ಸತ್ತಿದ್ದು 1980ರ ಫೆಬ್ರವರಿಯಲ್ಲಿ. ಜುಲೈಗೆ ಹೊಸ ಹಾಡುಗಾರನ ಜೊತೆ ಆಲ್ಬಂ ಹೊರಗೆ, ಸೂತಕಕ್ಕೆ ಅಂತ ಮುಖಪುಟ ಪೂರ್ತಿ ಕಪ್ಪು. ಈ ಆಲ್ಬಮಿನಲ್ಲಿ ಗಿಟಾರ್ ನುಡಿಸಿದ್ದಕ್ಕಿಂತ ನಿಲ್ಲಿಸಿದ್ದು ಹೆಚ್ಚು ಚೆಂದ. ಒಂದು ಏಟು, ಖಾಲಿ, ಮತ್ತೊಂದು ಏಟು. ಆ ಖಾಲಿಯಲ್ಲಿ ಮಳೆ ಬಂದು ಕೂರುತ್ತದೆ, ಏಟು ಬಿದ್ದಾಗ ಎದ್ದು ಹೋಗುತ್ತದೆ. ಹೋದ ವರ್ಷ ನಮ್ಮ ಕೊಡಗಿನ ಕೈಲ್ ಮುಹೂರ್ತ ಹಬ್ಬದ ದಿನ ಒಲೆ ಮೇಲೆ ಪಂದಿ (ಹಂದಿ ಮಾಂಸ) ಬೇಯುತ್ತಿತ್ತು, ನಾನು ಇದನ್ನು ಹಾಕಿದ್ದೆ. ಎಪ್ಪತ್ತು ದಾಟಿದ ನಮ್ಮ ಮಾವ ಗ್ಲಾಸ್ ಹಿಡಿದುಕೊಂಡೇ ಎದ್ದು ವಾಲಗಕ್ಕೆ ಕುಣಿಯುವ ಹಾಗೆ ಎರಡು ಹೆಜ್ಜೆ ಹಾಕಿದರು. "ಹಾಡು ಅಡ್ಡಿಯಿಲ್ಲ, ಆ ಕಿರುಚುವವನಿಗೆ ಸ್ವಲ್ಪ ನೀರು ಕೊಡಬೇಕಿತ್ತು" ಅಂದರು. ಒಂದೇ ಸಾಲು ಸುತ್ತಿ ಸುತ್ತಿ ಬಂದು ಮೈಗೆ ಏರುವುದು ಏನೆಂದು ವಾಲಗ ಕೇಳಿ ಬೆಳೆದವರಿಗೆ ಹೇಳಿಕೊಡಬೇಕಾಗಿಲ್ಲ.

ಮೆಗಾಡೆತ್ ಬ್ಯಾಂಡಿನ ರಸ್ಟ್ ಇನ್ ಪೀಸ್ ಆಲ್ಬಂ ತಗೊಳ್ಳುವವರಿಗೆ ಒಂದು ಮಾತು. 1990ರ ಮೂಲ ಮಿಕ್ಸೇ ಇರಲಿ. 2004ರ ರೀಮಿಕ್ಸ್‌ನಲ್ಲಿ ಕೆಲವು ಕಡೆ ಡೇವ್ ಮಸ್ಟೇನ್ ಹೊಸದಾಗಿ ಹಾಡಿ ಸೇರಿಸಿದ್ದಾನೆ, ಹಳೇ ಅಂಗಿಗೆ ಹೊಸ ಬಟ್ಟೆಯ ತೇಪೆ ಹಾಕಿದ ಹಾಗೆ ಎದ್ದು ಕಾಣುತ್ತದೆ. ಮಾರ್ಟಿ ಫ್ರೀಡ್‌ಮನ್‌ನ ಗಿಟಾರ್ ಸೋಲೋಗಳಿಗೆ ಮಾತ್ರ ಎರಡರಲ್ಲೂ ಕೈ ಮುಗಿಯಬೇಕು.

ಬೆಂಗಳೂರಿನ ಕ್ರಿಪ್ಟಾಸ್ ಬ್ಯಾಂಡ್ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದಲ್ಲಿ ನುಡಿಸಿದರು, ಅಲ್ಲಿಗೆ ಹೋದ ಮೊದಲ ಭಾರತೀಯ ಬ್ಯಾಂಡ್ ಇದೇ. ನನ್ನ ಹತ್ತಿರ ಇರುವುದು 2016ರ ಬರ್ನ್ ಅಪ್ ದಿ ನೈಟ್ ಸಿಡಿ. ಎರಡು ಗಿಟಾರ್ ಜೋಡಿಯಾಗಿ ಹಾಡುವ ಎಂಬತ್ತರ ದಶಕದ ಮೆಟಲ್, ಅದರ ಮೇಲೆ ಗೊಗ್ಗರು ಗಂಟಲು. ನಮ್ಮೂರಿನವರು ಅಂತ ಮಾರ್ಕ್ಸ್ ಜಾಸ್ತಿ ಕೊಡುತ್ತಿಲ್ಲ. ಗಂಟಲು ಎಲ್ಲಾ ಹಾಡಿನಲ್ಲೂ ಒಂದೇ ಥರ ಇದೆ, ಅದು ನನ್ನ ತಕರಾರು. ಗಿಟಾರಿನ ರಾಗಗಳು ಮಾತ್ರ ತಲೆಯಲ್ಲೇ ಉಳಿದುಬಿಡುತ್ತವೆ, ಮೆಣಸು ಕುಯ್ಯುವಾಗ ಏಣಿಯ ಮೇಲೂ ಗುನುಗುತ್ತಿರುತ್ತೇನೆ. ಸಾಧಾರಣ ಮಳೆಗೆ ಗೆಲ್ಲುತ್ತದೆ, ಆಷಾಢದ ಮಳೆಗೆ ಡ್ರಾ.

ಇನ್ನು ಬೂಷ್ಟಿನ ಕಥೆ. ಇಲ್ಲಿ ಕ್ಯಾಸೆಟ್ ಇಟ್ಟುಕೊಳ್ಳುವುದು ಅಂದರೆ ಹಸುಗೂಸು ಸಾಕಿದ ಹಾಗೆ. ನಾನು ದೊಡ್ಡ ಅಕ್ಕಿ ಡಬ್ಬಕ್ಕೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಅದರಲ್ಲಿ ಇಡುತ್ತೇನೆ. ಬಿಸಿಲು ಬಂದ ದಿನ ಪೊಟ್ಟಣ ಒಣಗಿಸಿ ಮತ್ತೆ ಹಾಕುತ್ತೇನೆ. ಪ್ಲೇಯರಿನ ಹೆಡ್ಡನ್ನು ಹತ್ತಿ, ಸ್ಪಿರಿಟ್‌ನಲ್ಲಿ ಒರೆಸುತ್ತೇನೆ. ಆದರೂ ಜೂಡಾಸ್ ಪ್ರೀಸ್ಟ್ ಬ್ಯಾಂಡಿನ ಪೇನ್‌ಕಿಲ್ಲರ್ ಕ್ಯಾಸೆಟ್ ಡಬ್ಬದಿಂದ ಹೊರಗೆ ಉಳಿದು, ರೀಲಿನ ಅಂಚಿಗೆ ಬಿಳಿ ಹತ್ತಿಯ ಹಾಗೆ ಬೂಷ್ಟು ಹಿಡಿಯಿತು. ಪೆನ್ಸಿಲ್ ಹಾಕಿ ಸುತ್ತಿ, ಒರೆಸಿ, ಹೇಗೋ ಎ ಸೈಡ್ ಉಳಿಸಿಕೊಂಡೆ. ಸ್ಕಾಟ್ ಟ್ರಾವಿಸ್ ಒಬ್ಬನೇ ಡ್ರಮ್ ಬಾರಿಸಿ ಆಲ್ಬಂ ತೆರೆಯುವ ಆ ಜಾಗಕ್ಕೆ ಏನೂ ಆಗಿಲ್ಲ. ಶೀಟು, ಮಳೆ, ಬೂಷ್ಟು ಯಾವುದಕ್ಕೂ ಅದು ಬಗ್ಗುವುದಿಲ್ಲ. ಬಿ ಸೈಡ್ ಮಾತ್ರ ನೀರಿನೊಳಗೆ ಹಾಡಿದ ಹಾಗಿದೆ, ಅದಕ್ಕೆ ತೀರ್ಪು ಕೊಡಲು ಸಿಡಿ ತರಿಸಬೇಕು. ಹೋದ ಜುಲೈನಲ್ಲಿ ಒಂದು ಎಲ್‌ಪಿ ತರಿಸಿದಾಗ ಕೊರಿಯರ್‌ನವರು ಬಸ್ ಸ್ಟ್ಯಾಂಡಿನ ಕಟ್ಟೆ ಮೇಲೆ ಇಟ್ಟು ಹೋಗಿದ್ದರು, ರಟ್ಟು ನೆನೆದು ಅಕ್ಕಿ ರೊಟ್ಟಿ ಆಗಿತ್ತು. ಹಾಗಾಗಿ ಆರ್ಡರ್ ಹಾಕುವುದು ಅಕ್ಟೋಬರ್ ಬಂದ ಮೇಲೆಯೇ.