ಮರೆವಿನ ಕಾಯಿಲೆ ಇರುವ ಹಿರಿಯರಿಗೆ ಕುರ್ಚಿ ವ್ಯಾಯಾಮ: ಕಾಯಲು ಗೊತ್ತಿರುವ ತರಗತಿ

ಹಿರಿಯರ ಆರೈಕೆ ಕೇಂದ್ರಕ್ಕೇ ಬಂದು ವಾರಕ್ಕೆರಡು ಸಲ ನಡೆಸಿಕೊಡುವ ಗುಂಪು ವ್ಯಾಯಾಮ ಇದು. 40 ನಿಮಿಷ, ಎಂಟು ಜನ, ಒಬ್ಬ ಶಿಕ್ಷಕಿ, ಇಬ್ಬರು ಸಹಾಯಕರು. ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಮಧ್ಯಮ ಹಂತದಲ್ಲಿರುವವರಿಗೆ ಈ ಅಳತೆ ಸರಿಯಾಗಿದೆ. ಇನ್ನೂ ನಾಲ್ಕು ಜನ ಸೇರಿದರೆ ವೃತ್ತ ದೊಡ್ಡದಾಗಿ ಎದುರು ಕೂತವರಿಗೆ ಶಿಕ್ಷಕಿಯ ಕೈಯೂ ಕಾಣದು, ಮಾತೂ ಕೇಳದು.

ಈ ತರಗತಿಯ ದೊಡ್ಡ ಗುಣ ಕಾಯುವುದು. ‘ಎಡಗಾಲು ಎತ್ತಿ’ ಎಂದು ಶಿಕ್ಷಕಿ ಹೇಳುವುದೇ ಇಲ್ಲ. ಎಡ ಬಲ ಎನ್ನುವುದೇ ಈ ಹಿರಿಯರಲ್ಲಿ ಹಲವರಿಗೆ ಒಗಟು. ಶಿಕ್ಷಕಿ ತನ್ನ ಮೊಣಕಾಲು ತಟ್ಟಿ ‘ಈ ಕಾಲು’ ಎಂದು ಎತ್ತಿ ತೋರಿಸಿ, ಹತ್ತು ಸೆಕೆಂಡು ಸುಮ್ಮನಿರುತ್ತಾರೆ. ಕೇಳಿದ್ದು ಅರ್ಥವಾಗಿ ಕಾಲಿಗೆ ಇಳಿಯಲು ಅಷ್ಟು ಹೊತ್ತು ಬೇಕು. ಅಷ್ಟರೊಳಗೆ ಅದನ್ನೇ ಬೇರೆ ಮಾತಿನಲ್ಲಿ ಹೇಳಿದರೆ ಪಾಪ, ಅವರು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಹೆಚ್ಚಿನ ತರಗತಿಗಳು ಎಡವುವುದು ಇಲ್ಲೇ.

ಕೋಣೆಯ ಸಿದ್ಧತೆಗೂ ಒಳ್ಳೆಯ ಅಂಕ ಕೊಡಬೇಕು. ಕೈಯಿರುವ, ಚಕ್ರವಿಲ್ಲದ ಗಟ್ಟಿ ಕುರ್ಚಿಗಳು. ಪಾದ ನೆಲಕ್ಕೆ ಎಟುಕದವರಿಗೆ ಕಾಲುಮಣೆ. ವೀಲ್‌ಚೇರ್‌ಗಳಿಗೆ ಬ್ರೇಕ್ ಹಾಕಿ, ಪಾದ ಇಡುವ ಹಲಗೆ ಮಡಚುತ್ತಾರೆ. ಕಪ್ಪು ಚಾಪೆಯನ್ನು ತೆಗೆಸುತ್ತಾರೆ, ಏಕೆಂದರೆ ಅದು ಗುಂಡಿಯಂತೆ ಕಾಣುತ್ತದೆ. ಹೊಳೆಯುವ ನೆಲ ನೀರು ನಿಂತಂತೆ ಕಾಣುತ್ತದೆ. ಕಿಟಕಿಗೆ ಬೆನ್ನು ಹಾಕಿ ಶಿಕ್ಷಕಿ ಕೂರುವುದಿಲ್ಲ, ಮುಖ ಕಪ್ಪಾಗಿ ಕಾಣುತ್ತದೆಂದು. ಟಿವಿ ಬಂದ್. ಕನ್ನಡಕ, ಕಿವಿಯ ಯಂತ್ರ ಮೊದಲೇ ಹಾಕಿಸುತ್ತಾರೆ. ಹೊತ್ತು ಬೆಳಗಿನ ಹತ್ತೂವರೆ. ಸಂಜೆಯ ಕಡೆಗೆ ಹಲವರಲ್ಲಿ ಗೊಂದಲ, ಚಡಪಡಿಕೆ ಹೆಚ್ಚುವುದರಿಂದ ಇದೇ ಸರಿ.

ಕ್ರಮ ಪ್ರತಿ ಸಲವೂ ಒಂದೇ: ಹೆಸರು ಹಿಡಿದು ಕೈ ಮುಟ್ಟಿ ಮಾತಾಡಿಸುವುದು, ಪಾದದ ಗಂಟು, ಮೊಣಕಾಲು, ಭುಜ, ಬಲೂನು, ಕೊನೆಗೆ ಕುರ್ಚಿಯಿಂದ ಎದ್ದು ಮತ್ತೆ ಕೂರುವುದು. ಒಂದೊಂದೂ ಐದಾರು ಸಲ. ಎಲ್ಲರೂ ಗಟ್ಟಿಯಾಗಿ ಎಣಿಸುವುದರಿಂದ ಯಾರೂ ಉಸಿರು ಬಿಗಿಹಿಡಿಯುವುದಿಲ್ಲ. ಬಲೂನಿನ ಆಟವನ್ನಂತೂ ನೋಡಲೇಬೇಕು. ‘ಕೈ ಎತ್ತಿ’ ಎಂದರೆ ಅಲುಗದವರು ಬಲೂನು ಬಂದಾಗ ತಾವಾಗಿಯೇ ಕೈ ಎತ್ತುತ್ತಾರೆ. ಅದು ನಿಧಾನವಾಗಿ ಇಳಿಯುವುದರಿಂದ ಕಣ್ಣಿಗೂ ಕೈಗೂ ಸಮಯ ಸಿಗುತ್ತದೆ. ಆದರೆ ಒಡೆದರೆ ಬೆಚ್ಚಿಬೀಳುತ್ತಾರೆ, ಕೆಲವರಿಗೆ ಅದರ ರಬ್ಬರ್ ಅಲರ್ಜಿ. ಗಾಳಿ ತುಂಬಿದ ಹಗುರ ಪ್ಲಾಸ್ಟಿಕ್ ಚೆಂಡು ತಂದಿಟ್ಟುಕೊಳ್ಳಬೇಕಿತ್ತು.

ಕೊರತೆ ಇರುವುದು ಎದ್ದು ಕೂರುವ ಭಾಗದಲ್ಲಿ. ಮೂವತ್ತು ನಿಮಿಷ ದಣಿದ ಮೇಲೆ ಎಲ್ಲಕ್ಕಿಂತ ಕಷ್ಟದ ಕೆಲಸ ಹೇಳುವುದು ತಪ್ಪು. ಅದು ನಡುವಿಗೆ ಬರಬೇಕು. ಸರಿಯಾದ ರೀತಿ ಹೀಗೆ: ಕುರ್ಚಿಯ ಅಂಚಿಗೆ ಸರಿದು, ಪಾದಗಳನ್ನು ಮೊಣಕಾಲಿಗಿಂತ ಸ್ವಲ್ಪ ಹಿಂದಕ್ಕೆಳೆದು, ಮೂಗು ಕಾಲ್ಬೆರಳಿನ ಮೇಲೆ ಬರುವಷ್ಟು ಮುಂದೆ ಬಾಗಿ, ಕುರ್ಚಿಯ ಕೈ ಒತ್ತಿ ಏಳುವುದು. ಎದ್ದ ಮೇಲೆ ಒಂದು ಗಳಿಗೆ ಹಾಗೇ ನಿಲ್ಲಬೇಕು, ರಕ್ತದೊತ್ತಡ ಕುಸಿದು ತಲೆ ತಿರುಗಬಹುದು. ಸಹಾಯಕರಲ್ಲಿ ಒಬ್ಬರು ತೋಳು ಹಿಡಿದು ಎಳೆದೆಬ್ಬಿಸುತ್ತಾರೆ. ಭುಜಕ್ಕೆ ಪೆಟ್ಟಾಗುವುದು ಹೀಗೆಯೇ. ಸಹಾಯಕರ ಕೈ ಹಿರಿಯರ ಬೆನ್ನಿನ ಹಿಂದಿರಬೇಕು.

ಇನ್ನೊಂದು, ಹಾಡು. ಹಿರಿಯರ ಯೌವನದ ಕಾಲದ ಹಾಡುಗಳ ಆಯ್ಕೆ ಚೆನ್ನಾಗಿದೆ, ಆದರೆ ಹಾಡು ನಡೆಯುತ್ತಿರುವಾಗಲೇ ಸೂಚನೆಯನ್ನೂ ಕೊಡುತ್ತಾರೆ. ಎರಡು ದನಿ ಒಟ್ಟಿಗೆ ಬಂದರೆ ಎರಡೂ ತಲೆಗೆ ಹೋಗುವುದಿಲ್ಲ. ಸೂಚನೆ ಕೊಡುವಾಗ ಹಾಡು ನಿಲ್ಲಲಿ.

ಸೇರಿಸುವಾಗ ತುಂಬಿಸಿಕೊಳ್ಳುವ ಆರೋಗ್ಯದ ಅರ್ಜಿಯನ್ನು ಮತ್ತೆ ಯಾರೂ ತೆರೆಯುವುದಿಲ್ಲ. ಸೊಂಟದ ಕೀಲು ಬದಲಿಸಿದವರು, ಮೂಳೆ ಸವೆದವರು ಮುಂದಕ್ಕೆ ಬಾಗಿ ತಿರುಚುವ ಚಲನೆ ಮಾಡುವ ಮುನ್ನ ಫಿಸಿಯೊಥೆರಪಿಸ್ಟ್ ಒಮ್ಮೆ ನೋಡಬೇಕು. ನೋವನ್ನು ಈ ಹಿರಿಯರಲ್ಲಿ ಹಲವರು ಬಾಯಿಬಿಟ್ಟು ಹೇಳಲಾರರು. ಹುಬ್ಬು ಗಂಟಿಕ್ಕುವುದು, ನರಳುವುದು, ಕೈ ಹಿಂದೆಳೆಯುವುದೇ ಅವರ ಮಾತು. ಲೆವಿ ಬಾಡಿ ಎಂಬ ಬಗೆಯ ಡಿಮೆನ್ಶಿಯಾ ಇರುವವರು ನಿನ್ನೆ ಮಾಡಿದ್ದನ್ನು ಇವತ್ತು ಮಾಡದಿದ್ದರೆ ಅದು ಹಟವಲ್ಲ, ಕಾಯಿಲೆಯ ಏರಿಳಿತ.

ಕರಪತ್ರದಲ್ಲಿರುವ ‘ನೆನಪಿನ ಶಕ್ತಿ ಮರಳುತ್ತದೆ’ ಎಂಬ ಸಾಲನ್ನು ತೆಗೆಯಲೇಬೇಕು. ಹಲವು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2015ರ ಸಮೀಕ್ಷೆಯ ಪ್ರಕಾರ ವ್ಯಾಯಾಮದಿಂದ ದಿನನಿತ್ಯದ ಕೆಲಸ ಮಾಡಿಕೊಳ್ಳುವ ಶಕ್ತಿ ಸುಧಾರಿಸಬಹುದು. ನೆನಪು, ಬುದ್ಧಿಶಕ್ತಿಗೆ ಲಾಭವಾಗುತ್ತದೆ ಎನ್ನಲು ಸ್ಪಷ್ಟ ಪುರಾವೆ ಸಿಗಲಿಲ್ಲ. ತಾನಾಗಿ ಕುರ್ಚಿಯಿಂದ ಏಳುವುದು, ತೋಳಿಗೆ ಅಂಗಿ ಏರಿಸಿಕೊಳ್ಳುವುದು ಇನ್ನಷ್ಟು ತಿಂಗಳು ಉಳಿಯಲಿ ಎಂದು ಬಯಸುವ ಮನೆಯವರು ಧೈರ್ಯವಾಗಿ ಸೇರಿಸಬಹುದು, ಎಳೆದೆಬ್ಬಿಸುವುದನ್ನು ನಿಲ್ಲಿಸಿದ್ದಾರೆಯೇ ಎಂದು ಕಣ್ಣಾರೆ ನೋಡಿದ ಮೇಲೆ.