ಶೀಟ್, ವಾಟ್ಸಾಪ್, ಆಪ್: ಮೂರನ್ನೂ ಕಾಫಿ ತೋಟದಲ್ಲಿ ಬಳಸಿ ನೋಡಿದ ಮೇಲೆ

ಚಿಕ್ಕಮಗಳೂರಲ್ಲಿದ್ದುಕೊಂಡೇ ಸ್ಟಾರ್ಟಪ್ ಶುರು ಮಾಡಬೇಕು ಅನ್ನುವ ಹುಡುಗ ಹುಡುಗಿಯರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ: "ಅಣ್ಣಾ, ಆಪ್ ಮಾಡಿಸೋಕೆ ಎಷ್ಟಾಗುತ್ತೆ?" ಆಪ್ ಈಗಲೇ ಬೇಕಾ ಅಂತ ಯಾರೂ ಕೇಳುವುದಿಲ್ಲ. ನಾವು ಕಾಫಿ ತೋಟಗಳ ಕೂಲಿ ಲೆಕ್ಕ ಇಡುವ ಕೆಲಸ ಮಾಡುತ್ತಿದ್ದೇವೆ. ಆಲ್ದೂರು, ಮೂಡಿಗೆರೆ ಕಡೆಯ ತೋಟಗಳಲ್ಲಿ ಗೂಗಲ್ ಶೀಟ್, ವಾಟ್ಸಾಪ್, ಆಂಡ್ರಾಯ್ಡ್ ಆಪ್ ಮೂರನ್ನೂ ಬಳಸಿ ನೋಡಿದ್ದೇವೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮೊದಲ ಹತ್ತು ಗಿರಾಕಿ ಆಗುವವರೆಗೆ ವಾಟ್ಸಾಪ್ ಸಾಕು, ಅದರ ಹಿಂದೆ ನೀವೇ ಕೂತು ಲೆಕ್ಕ ಮಾಡಿ. ಆಪ್ ಆಮೇಲೆ.

ತೋಟದ ಕೆಲಸ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಅರೇಬಿಕಾ ಕೊಯ್ಲು ನವೆಂಬರ್‌ನಿಂದ, ರೋಬಸ್ಟಾ ಜನವರಿಯಿಂದ. ಕೂಲಿ ಕೆಲವು ಕಡೆ ದಿನದ ಲೆಕ್ಕ, ಕೆಲವು ಕಡೆ ಕೆಜಿ ಲೆಕ್ಕ. ಸಂಜೆ ಹಣ್ಣಿನ ಚೀಲ ತೂಕಕ್ಕೆ ಬರುತ್ತವೆ, ರೈಟರು, ಅಂದರೆ ತೋಟದ ಲೆಕ್ಕ ಬರೆಯುವವರು, ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ವಾರಕ್ಕೊಮ್ಮೆ ಬಟವಾಡೆ. ಕೊಟ್ಟ ಮುಂಗಡದಲ್ಲಿ ಸ್ವಲ್ಪ ಹಿಡಿದು ಉಳಿದದ್ದನ್ನು ಕೈಗೆ ಕೊಡುತ್ತಾರೆ.

ಶೀಟ್‌ಗೆ ಖರ್ಚಿಲ್ಲ, ಒಂದೇ ದಿನದಲ್ಲಿ ಸಿದ್ಧವಾಗುತ್ತೆ. ಬೆಂಗಳೂರಲ್ಲಿ ಇರುವ ತೋಟದ ಮಾಲೀಕರಿಗೆ ಇದು ತುಂಬಾ ಇಷ್ಟ. ಅಲ್ಲೇ ಕೂತು ಇವತ್ತು ಎಷ್ಟು ಹಣ್ಣು ಬಂತು ಅಂತ ನೋಡಬಹುದು. ಆದರೆ ತುಂಬುವವರು ರೈಟರು. ಕತ್ತಲಾಗುತ್ತಿರುವಾಗ, ಸುತ್ತ ಜನ ನಿಂತಿರುವಾಗ, ಫೋನಿನ ಆ ಪುಟ್ಟ ಚೌಕಗಳಲ್ಲಿ ಅಂಕಿ ಹಾಕೋದು ಆಗದ ಮಾತು. ಬೆರಳು ತಪ್ಪಿ ಒಂದು ಸೂತ್ರ ಅಳಿಸಿಹೋದರೆ ಇಡೀ ವಾರದ ಮೊತ್ತ ಎಕ್ಕುಟ್ಟಿ ಹೋಗುತ್ತೆ. ಒಂದು ದಿನ 'ಮಂಜುಳ', ಇನ್ನೊಂದು ದಿನ 'ಮಂಜುಳಾ' ಅಂತ ಬರೆದರೆ ಶೀಟಿನ ಪಾಲಿಗೆ ಇಬ್ಬರು ಹೆಂಗಸರು. ಸಿಗ್ನಲ್ ಇಲ್ಲದ ಕಡೆ ಬೇಕಾದ ಫೈಲನ್ನು ಮೊದಲೇ ಆಫ್‌ಲೈನ್‌ಗೆ ಇಟ್ಟುಕೊಂಡಿರಬೇಕು. ಹಾಗಾಗಿ ಅವರು ಪುಸ್ತಕದಲ್ಲೇ ಬರೆದು, ರಾತ್ರಿ ಮತ್ತೆ ಶೀಟ್‌ಗೆ ಹಾಕುತ್ತಿದ್ದರು. ಅಂದರೆ ಕೆಲಸ ಕಡಿಮೆ ಆಗಲಿಲ್ಲ, ಎರಡು ಪಟ್ಟಾಯಿತು.

ವಾಟ್ಸಾಪ್‌ನಲ್ಲಿ ನಾವು ಕೇಳಿದ್ದು ಇಷ್ಟೇ: "ರೈಟ್ರೇ, ಪುಸ್ತಕದ ಹಾಳೆ ಫೋಟೋ ತೆಗೆದು ಕಳಿಸಿ. ಅರ್ಥ ಆಗದೇ ಇರೋದನ್ನ ಬಾಯಲ್ಲಿ ಹೇಳಿ ಕಳಿಸಿ." ಲೆಕ್ಕವನ್ನು ನಾವು ಮಾಡಿ ಅದೇ ರಾತ್ರಿ ಪಟ್ಟಿ ವಾಪಸ್ ಕಳಿಸುತ್ತಿದ್ದೆವು. ಅವರು ಹೊಸದಾಗಿ ಕಲಿಯಬೇಕಾದ್ದು ಏನೂ ಇರಲಿಲ್ಲ. ನಮಗೆ ಸಿಕ್ಕ ನಿಜವಾದ ಲಾಭ ಆ ಧ್ವನಿ ಸಂದೇಶಗಳು. ಒಂದರಲ್ಲಿ ಹೀಗಿತ್ತು: "ಸಾರ್, ಇದು ನೂರಾ ಇಪ್ಪತ್ತು ಕೆಜಿ ಹೆಂಗಸಿನ ಹೆಸರಲ್ಲಿದೆ, ಆದ್ರೆ ಗಂಡಂದೂ ಸೇರಿದೆ. ಮುಂಗಡ ಮಾತ್ರ ಅವನ ಹೆಸರಲ್ಲೇ ಹಿಡೀರಿ." ಗಂಡ ಹೆಂಡತಿ ಒಂದೇ ಚೀಲಕ್ಕೆ ಕೊಯ್ಯುತ್ತಾರೆ, ತೂಕ ಮನೆಗೆ ಒಂದು, ಮುಂಗಡ ಮಾತ್ರ ಒಬ್ಬೊಬ್ಬರದು ಬೇರೆ. ಒಬ್ಬರಿಗೆ ಒಂದು ಸಾಲು ಅಂತ ಕಟ್ಟಿದ ಯಾವ ಲೆಕ್ಕದಲ್ಲೂ ಇದಕ್ಕೆ ಜಾಗವಿಲ್ಲ. ಸರ್ವೆ ಫಾರ್ಮ್ ಕಳಿಸಿ ಕೇಳಿದ್ದರೆ ಇದನ್ನು ಯಾರು ಬರೆಯುತ್ತಿದ್ದರು ಹೇಳಿ? ಬಟವಾಡೆ ದಿನ ಹೋಗಿ ನಿಂತಾಗ ಇನ್ನೊಂದು ಗೊತ್ತಾಯಿತು. ಆಳುಗಳು ಕೂಲಿ ಎಣಿಸಿಕೊಳ್ಳುವ ಮೊದಲೇ ಕೇಳುವುದು, "ನಂದು ಮುಂಗಡ ಎಷ್ಟು ಉಳೀತು?" ಅವತ್ತಿನಿಂದ ಪ್ರತಿ ಹೆಸರಿನ ಮುಂದೆ ಬಾಕಿ ಹಾಕಿದೆವು. ಈಗ ರೈಟರು ಕಾಯುವುದು ಆ ಅಂಕಿಗೇ.

ಖರ್ಚಿನ ವಿಷಯ. ವಾಟ್ಸಾಪ್ ಬಿಸಿನೆಸ್ ಆಪ್ ಉಚಿತ. ಲೇಬಲ್, ಸಿದ್ಧ ಉತ್ತರಗಳು ಅದರಲ್ಲೇ ಇವೆ. ತಾನಾಗಿಯೇ ಉತ್ತರ ಕೊಡುವ ಬಾಟ್ ಕಟ್ಟುವ ಆಸೆ ಬೇಗ ಬರುತ್ತೆ, ದಯವಿಟ್ಟು ತಡೆದುಕೊಳ್ಳಿ. ಅದಕ್ಕೆ ಬೇಕಾದ ಎಪಿಐ, ಅಂದರೆ ನಮ್ಮ ಸಾಫ್ಟ್‌ವೇರನ್ನು ವಾಟ್ಸಾಪ್‌ಗೆ ಜೋಡಿಸುವ ದಾರಿ, ಬೇರೆ ವ್ಯವಸ್ಥೆ. ಗಿರಾಕಿ ಸಂದೇಶ ಕಳಿಸಿ 24 ಗಂಟೆ ದಾಟಿದರೆ ವಾಟ್ಸಾಪ್‌ನಿಂದ ಮೊದಲೇ ಒಪ್ಪಿಗೆ ಪಡೆದ ಟೆಂಪ್ಲೇಟ್ (ಸಿದ್ಧ ಸಂದೇಶ) ಮಾತ್ರ ಕಳಿಸಬಹುದು. 2025ರ ಜುಲೈನಿಂದ ಅಂಥ ಟೆಂಪ್ಲೇಟ್‌ಗಳಿಗೆ ಸಂದೇಶದ ಲೆಕ್ಕದಲ್ಲೇ ದುಡ್ಡು. ಅದಕ್ಕಿಂತ ಮುಖ್ಯವಾಗಿ, ಬಾಟ್ ಇದ್ದಿದ್ದರೆ ಆ ಗಂಡ ಹೆಂಡತಿಯ ಚೀಲದ ಕಥೆಯನ್ನು ನಾವು ಕೂತು ಕೇಳುತ್ತಲೇ ಇರಲಿಲ್ಲ. ವಾಟ್ಸಾಪ್‌ಗೂ ಮಿತಿ ಇದೆ. ತೋಟಗಳು ಹೆಚ್ಚಾದಂತೆ ನಿಮ್ಮ ರಾತ್ರಿ ನಿದ್ದೆ ಹೋಗುತ್ತೆ. ಆಳುಗಳ ಹೆಸರು, ಕೂಲಿ ಎಲ್ಲ ಆ ಫೋಟೋಗಳಲ್ಲಿ ಇರುವುದರಿಂದ ಕೆಲಸ ಮುಗಿದ ಮೇಲೆ ಅಳಿಸಲೇಬೇಕು.

ಆಪ್‌ನ ನಿಜವಾದ ಬಲ ಒಂದು: ನೆಟ್‌ವರ್ಕ್ ಇಲ್ಲದಿದ್ದರೂ ತೂಕ ಹಾಕಿಕೊಳ್ಳುತ್ತೆ, ಸಿಗ್ನಲ್ ಬಂದಾಗ ಕಳಿಸುತ್ತೆ. ನಮ್ಮ ಮಲೆನಾಡಿಗೆ ಇದು ದೊಡ್ಡ ವಿಷಯ. ಪ್ಲೇ ಸ್ಟೋರ್ ಖಾತೆಗೆ ಒಂದು ಸಲ 25 ಡಾಲರ್ ಕಟ್ಟಿದರೆ ಆಯಿತು. ಹೊಸ ವೈಯಕ್ತಿಕ ಖಾತೆಯಾದರೆ 12 ಜನ ಸತತವಾಗಿ 14 ದಿನ ಪರೀಕ್ಷೆಯಲ್ಲಿ ಇರಬೇಕು, ಆಮೇಲೆಯೇ ಎಲ್ಲರಿಗೂ ಬಿಡಲು ಅರ್ಜಿ ಹಾಕಬಹುದು. ಅದು ಕಷ್ಟವಲ್ಲ. ಬದಲಾವಣೆ ಮಾಡೋದು ಕಷ್ಟ. ವಾಟ್ಸಾಪ್‌ನಲ್ಲಿ ಬಾಕಿ ಅಂಕಿ ಸೇರಿಸಲು ಒಂದು ಸಂಜೆ ಸಾಕಾಯಿತು. ಆಪ್‌ನಲ್ಲಾದರೆ ಕೋಡ್ ಬರೆದು, ಅಪ್‌ಲೋಡ್ ಮಾಡಿ, ಒಪ್ಪಿಗೆಗೆ ಕಾದು, ರೈಟರ ಫೋನಲ್ಲಿ ಜಾಗ ಖಾಲಿ ಮಾಡಿಸಿ ಅಪ್‌ಡೇಟ್ ಹಾಕಿಸಬೇಕು. ಕೊಯ್ಲಿನ ಮಧ್ಯೆ ಅಷ್ಟು ಪುರುಸೊತ್ತು ಯಾರಿಗಿದೆ? ಎಲ್ಲ ತೋಟಗಳಲ್ಲೂ ಒಂದೇ ಥರದ ಲೆಕ್ಕ ಬದಲಾಗದೆ ನಡೆಯುತ್ತಿದೆ ಅಂತ ಖಾತ್ರಿ ಆದಮೇಲೆ ಆಪ್‌ಗೆ ಕೈ ಹಾಕಿ. ಕಲಿಸೋದಿದ್ದರೆ ಮಳೆಗಾಲದಲ್ಲಿ ಕಲಿಸಿ.

ಮೂರರಲ್ಲಿ ಯಾವುದನ್ನೇ ಹಿಡಿದರೂ ದುಡ್ಡು ಮಾತ್ರ ಮೊದಲ ತಿಂಗಳಿಂದಲೇ ಕೇಳಿ. "ಚೆನ್ನಾಗಿದೆ ಕಣಪ್ಪಾ, ಮಾಡು" ಅನ್ನುವ ಬೆಳೆಗಾರರು ಗಿರಾಕಿಗಳಲ್ಲ, ಹಿತೈಷಿಗಳು. "ತಿಂಗಳಿಗೆ ಎಷ್ಟು ತಗೋತೀಯ?" ಅಂದವರ ಜೊತೆ ಕೂತು ಮಾತಾಡಿ. ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ 50 ಲಕ್ಷ ರೂಪಾಯಿವರೆಗೆ ಅನುದಾನ ಇದೆ, ಅರ್ಜಿ ಹಾಕಿ. ಆದರೆ ನಾಲ್ಕು ತೋಟದವರು ದುಡ್ಡು ಕೊಟ್ಟ ರಸೀದಿ ಕೈಯಲ್ಲಿಟ್ಟುಕೊಂಡು ಹೋಗಿ. ವರ್ಷದ ಚಂದಾ ಕೇಳೋದಾದರೆ ಕಾಫಿ ಮಾರಿ ಕೈಯಲ್ಲಿ ದುಡ್ಡು ಓಡಾಡುವ ಮಾರ್ಚ್, ಏಪ್ರಿಲ್ ಒಳ್ಳೆಯದು. ಆಗಸ್ಟ್‌ನಲ್ಲಿ ಕೇಳಿದರೆ "ಕೊಯ್ಲು ಮುಗೀಲಿ, ನೋಡೋಣ" ಅನ್ನುತ್ತಾರೆ.