ದಿನಾ ಒಂದು ವಿಟಮಿನ್ ಡಿ ಪೊಟ್ಟಣ: ನಮ್ಮ ಅತ್ತಿಗೆಗೆ ಆದದ್ದು ನಿಮ್ಮ ಮನೆಯಲ್ಲಿ ಆಗದಿರಲಿ

ನಿಮ್ಮ ಮನೆಯಲ್ಲಿ ವಿಟಮಿನ್ ಡಿ ಪುಡಿಯ ಪೊಟ್ಟಣವೋ ಗುಳಿಗೆಯೋ ಇದ್ದರೆ, ಇದನ್ನು ಓದುವ ಮೊದಲು ಎದ್ದು ಹೋಗಿ ಅದರ ಮೇಲೆ ಏನು ಬರೆದಿದೆ ನೋಡಿ ಬನ್ನಿ. 60,000 ಐಯು (ವಿಟಮಿನ್ ಅಳೆಯುವ ಏಕಮಾನ) ಅಂತಿದ್ದರೆ ಅದು ದಿನಾ ತೆಗೆದುಕೊಳ್ಳುವ ವಸ್ತು ಅಲ್ಲ. ಕೊರತೆ ಇದ್ದವರಿಗೆ ವೈದ್ಯರು ಅದನ್ನು ಸಾಮಾನ್ಯವಾಗಿ ವಾರಕ್ಕೊಂದರಂತೆ, ಎಂಟು ವಾರದ ಆಸುಪಾಸು ಕೊಡುತ್ತಾರೆ. ನಮ್ಮ ಅತ್ತಿಗೆ ಅದನ್ನು ದಿನಾ ಬೆಳಿಗ್ಗೆ ಹಾಲಿಗೆ ಕಲಸಿ ಕುಡಿದರು. ಕೊನೆಗೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕಿಡ್ನಿ ಉಳಿಸಿಕೊಳ್ಳುವುದೇ ದೊಡ್ಡ ಮಾತಾಯಿತು. ಹೆಸರು ಹಾಕದೆ ಬರಿ, ನಾಲ್ಕು ಜನಕ್ಕೆ ಗೊತ್ತಾಗಲಿ ಎಂದು ಅವರೇ ಹೇಳಿದ್ದರಿಂದ ಬರೆಯುತ್ತಿದ್ದೇನೆ.

ಅತ್ತಿಗೆಯ ಮನೆ ಶಿರಸಿ ತಾಲೂಕಿನ ಒಂದು ಹಳ್ಳಿ. ತೋಟ, ಎರಡು ಎಮ್ಮೆ, ವಯಸ್ಸಾದ ಅತ್ತೆ ಮಾವ. ಅಡಿಕೆ ಕೊಯ್ಲು ಶುರುವಾದರೆ ಆ ಮನೆಯ ಹೆಂಗಸರಿಗೆ ಬೆನ್ನು ನೆಟ್ಟಗೆ ಮಾಡಲೂ ಪುರುಸೊತ್ತಿಲ್ಲ. ಹಗಲು ಆಳುಗಳಿಗೆ ಕುಡಿಯಲು ಆಸರಿಗೆ, ಊಟ. ರಾತ್ರಿ ಅಡಿಕೆ ಸುಲಿಯುವ ಕೆಲಸ. ಹಾಗಾಗಿ "ರಾಶಿ ಸುಸ್ತು ಆಗ್ತು, ಎಂತ ಮಾಡಲೂ ಮನಸ್ಸಿಲ್ಲೆ" ಎಂದು ಅವರು ಫೋನಿನಲ್ಲಿ ಹೇಳಿದಾಗ ಮನೆಯವರ್‍ಯಾರಿಗೂ ಅದು ವಿಶೇಷ ಅನ್ನಿಸಲಿಲ್ಲ. ಕೆಲಸದ ಸುಸ್ತು, ವಯಸ್ಸು ನಲವತ್ತು ದಾಟಿತು, ಇನ್ನೇನು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಅಂದಿದ್ದನ್ನೂ ಆ ಲೆಕ್ಕಕ್ಕೇ ಸೇರಿಸಿಬಿಟ್ಟರು.

ಅಷ್ಟರಲ್ಲಿ ಪರಿಚಯದ ಒಬ್ಬ ಹೆಂಗಸು ಮನೆಗೆ ಬಂದರು. ಮನೆಮನೆಗೆ ಹೋಗಿ ಪ್ರೋಟೀನ್ ಪುಡಿ, ಮಲ್ಟಿವಿಟಮಿನ್, ಕ್ಯಾಲ್ಸಿಯಂ ಗುಳಿಗೆ ಮಾರುವವರು. ಅತ್ತಿಗೆಯ ಉಗುರು ನೋಡಿ, ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿ, "ನಿಮಗೆ ಎಲ್ಲಾ ವಿಟಮಿನ್ನೂ ಕಮ್ಮಿ ಆಗಿದೆ" ಅಂದರಂತೆ. ಒಂದು ಡಬ್ಬಿ ಪುಡಿ, ಎರಡು ಬಾಟಲಿ ಗುಳಿಗೆ ಕೊಟ್ಟು ಸಾವಿರಾರು ರೂಪಾಯಿ ತೆಗೆದುಕೊಂಡರು. ಹೊರಡುವಾಗ ಇನ್ನೊಂದು ಸಲಹೆ: ಮೆಡಿಕಲ್‌ನಲ್ಲಿ ವಿಟಮಿನ್ ಡಿ ಪುಡಿ ಸಿಗುತ್ತದೆ, ಅದನ್ನೂ ಸೇರಿಸಿಕೊಳ್ಳಿ, ಬೇಗ ಗುಣ ಕಾಣುತ್ತದೆ. ಒಂದು ಚೀಟಿಯಲ್ಲಿ ಬರೆದೂ ಕೊಟ್ಟರು. ಆ ಚೀಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದನ್ನು ನಾನೇ ಆಮೇಲೆ ನೋಡಿದ್ದೇನೆ. ನೀಲಿ ಪೆನ್ನಿನಲ್ಲಿ, ದುಂಡಗಿನ ಅಕ್ಷರದಲ್ಲಿ: "ಬೆಳಿಗ್ಗೆ ಹಾಲು + ಡಿ ಪುಡಿ 1, ಕ್ಯಾಲ್ಸಿಯಂ 1. ರಾತ್ರಿ ಕ್ಯಾಲ್ಸಿಯಂ 1." ವಾರಕ್ಕೆ ಅನ್ನುವ ಪದ ಎಲ್ಲೂ ಇರಲಿಲ್ಲ. ಅಂಗಡಿಯವರು ವೈದ್ಯರ ಚೀಟಿ ಕೇಳಲಿಲ್ಲ, ಹೇಗೆ ತೆಗೆದುಕೊಳ್ಳಬೇಕು ಎಂದೂ ಹೇಳಲಿಲ್ಲ, ಪೆಟ್ಟಿಗೆಗಟ್ಟಲೆ ಕೊಟ್ಟರು.

"ಹೆಚ್ಚಾದರೆ ಏನಾಗ್ತದೆ" ಎಂದು ಅಣ್ಣ ಕೇಳಿದ್ದನಂತೆ. "ವಿಟಮಿನ್ ಹೆಚ್ಚಾದರೆ ಮೂತ್ರದಲ್ಲಿ ಹೋಗ್ತದೆ, ಸೈಡ್ ಇಫೆಕ್ಟ್ ಇಲ್ಲ" ಎಂದು ಉತ್ತರ ಬಂತು. ಈ ಮಾತನ್ನು ನೀವೂ ಕೇಳಿರುತ್ತೀರಿ. ಇದು ಎಲ್ಲಾ ವಿಟಮಿನ್ನಿಗೂ ಅನ್ವಯಿಸುವುದಿಲ್ಲ. ಬಿ ಗುಂಪು ಮತ್ತು ಸಿ ನೀರಿನಲ್ಲಿ ಕರಗುವಂಥವು, ಹೆಚ್ಚಾದದ್ದು ಬಹುಪಾಲು ಹೊರಗೆ ಹೋಗುತ್ತದೆ. ಎ, ಡಿ, ಇ, ಕೆ ಕೊಬ್ಬಿನಲ್ಲಿ ಕರಗುವಂಥವು. ಅದರಲ್ಲೂ ಎ ಮತ್ತು ಡಿ ಮೈಯಲ್ಲೇ ಕೂರುತ್ತವೆ, ದಿನದಿಂದ ದಿನಕ್ಕೆ ಸೇರುತ್ತಾ ಹೋಗುತ್ತವೆ. ನೀರಿನಲ್ಲಿ ಕರಗುವ ಬಿ6 ಕೂಡ ಹೆಚ್ಚಿನ ಪ್ರಮಾಣದಲ್ಲಿ ತಿಂಗಳುಗಟ್ಟಲೆ ತಿಂದರೆ ನರಕ್ಕೆ ಪೆಟ್ಟು ಕೊಡುತ್ತದೆ, ಅಂಗಾಲು ಜೋಮು ಹಿಡಿದು ಉರಿ ಶುರುವಾಗುತ್ತದೆ. ಸುಸ್ತಿಗೆಂದು ಮಾರುವ ಎಷ್ಟೋ ಗುಳಿಗೆಗಳಲ್ಲಿ ಬಿ6 ಇರುತ್ತದೆ. ಎರಡು ಮೂರು ಬಗೆ ಒಟ್ಟಿಗೆ ನುಂಗುವವರು ಎಲ್ಲ ಡಬ್ಬಿಯ ಲೆಕ್ಕ ಕೂಡಿಸಿ ನೋಡಬೇಕು.

ಈಗ ಡಿ ಲೆಕ್ಕ ನೋಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ದೊಡ್ಡವರಿಗೆ ದಿನಕ್ಕೆ 600 ಐಯು ಸಾಕು, ಅದೂ ಬಿಸಿಲು ಸರಿಯಾಗಿ ಬೀಳದವರಿಗೆ. ವೈದ್ಯರ ನಿಗಾ ಇಲ್ಲದೆ ದಿನವೂ ತಿನ್ನಬಹುದಾದ ಮೇಲಿನ ಮಿತಿ 4,000. ದಿನಕ್ಕೆ 600ರ ಲೆಕ್ಕದಲ್ಲಿ ಒಂದು ಪೊಟ್ಟಣದಲ್ಲಿ ನೂರು ದಿನದ ಡಿ ಇದೆ. ಅತ್ತಿಗೆ ದಿನಾ ಕುಡಿಯುತ್ತಿದ್ದದ್ದು ಆ ಮೇಲಿನ ಮಿತಿಯ ಹದಿನೈದು ಪಟ್ಟು. ಜೊತೆಗೆ ಎರಡು ಕ್ಯಾಲ್ಸಿಯಂ ಗುಳಿಗೆ, ಲೋಟ ತುಂಬಾ ಎಮ್ಮೆ ಹಾಲು. ತೋಟದ ಬಿಸಿಲಲ್ಲಿ ಓಡಾಡುವ ಹೆಂಗಸಿಗೆ ಇದೆಲ್ಲ ಬೇಕಿತ್ತೇ ಎಂದು ಒಂದು ರಕ್ತಪರೀಕ್ಷೆ ಮಾಡಿ ನೋಡಿದವರು ಯಾರೂ ಇಲ್ಲ.

ಮೊದಮೊದಲು ಏನೂ ಆಗಲಿಲ್ಲ, ಸ್ವಲ್ಪ ಚೇತರಿಕೆ ಅನ್ನಿಸಿದ್ದೂ ಉಂಟಂತೆ. ಆಮೇಲೆ ಹಸಿವು ಹೋಯಿತು. ಬಾಯಿ ಕಹಿ, ಅನ್ನ ನೋಡಿದರೆ ವಾಕರಿಕೆ. ಮಲ ಕಟ್ಟಿತು. ಎಷ್ಟು ನೀರು ಕುಡಿದರೂ ದಾಹ ಹೋಗದು, ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವುದು. ಗ್ಯಾಸ್ಟ್ರಿಕ್ ಅಂದರು, ಪಿತ್ತ ಅಂದರು. ಮುರುಗಲ ಪಾನಕ, ಜೀರಿಗೆ ಕಷಾಯ, ಆಸಿಡಿಟಿ ಗುಳಿಗೆ ಎಲ್ಲ ಆಯಿತು. ಸುಸ್ತು ಮೊದಲಿಗಿಂತ ಹೆಚ್ಚಾಯಿತು. ಅದನ್ನು ಹೇಳಿದರೆ ಆ ಹೆಂಗಸು "ಮೈಯಲ್ಲಿದ್ದ ವಿಷ ಹೊರಗೆ ಹೋಗ್ತಾ ಇದೆ, ನಿಲ್ಲಿಸಬೇಡಿ" ಅಂದರು. ನನಗೆ ಇಡೀ ಕಥೆಯಲ್ಲಿ ಅತಿ ಸಿಟ್ಟು ಬರುವುದು ಈ ಒಂದು ಮಾತಿಗೆ. ಗುಳಿಗೆ ತಿಂದ ಮೇಲೆ ಮೈ ಕೆಟ್ಟರೆ, ಅದು ಗುಣವಾಗುವ ಲಕ್ಷಣ ಎಂದು ಮಾರಿದವರೇ ಹೇಳಿದರೆ, ದಯವಿಟ್ಟು ಅವತ್ತೇ ನಿಲ್ಲಿಸಿ ವೈದ್ಯರ ಹತ್ತಿರ ಹೋಗಿ.

ಪೇಟೆಯ ಕ್ಲಿನಿಕ್ಕಿನಲ್ಲಿ ನಿಶ್ಶಕ್ತಿಗೆಂದು ಒಂದು ಬಾಟಲಿ ಗ್ಲೂಕೋಸ್ ಏರಿಸಿ ಕಳಿಸಿದರು. ನಮ್ಮ ಜಿಲ್ಲೆಯ ಯಾವ ಊರಿಗೆ ಹೋದರೂ "ಒಂದು ಬಾಟಲಿ ಹಾಕಿಸ್ಕೊಂಡು ಬಂದೆ" ಎನ್ನುವವರು ಸಿಗುತ್ತಾರೆ. ಐದು ಪರ್ಸೆಂಟಿನ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ ಅಷ್ಟೆ, ಒಂದು ಲೋಟ ಪಾನಕದಲ್ಲೂ ಅಷ್ಟು ಇರುತ್ತದೆ. ಬಾಯಲ್ಲಿ ಕುಡಿಯಲು ಆಗುವವರಿಗೆ ಅದರಿಂದ ಶಕ್ತಿ ಬರುವುದಿಲ್ಲ, ದುಡ್ಡು ಹೋಗುತ್ತದೆ.

ಒಂದು ಸಂಜೆ ಅತ್ತಿಗೆ ಮಾತು ತಪ್ಪತೊಡಗಿದರು. ಒಲೆಯ ಮುಂದೆ ನಿಂತು, ತಾನು ಏನು ಮಾಡಲು ಬಂದೆ ಎಂದು ಮಗಳನ್ನು ಮೂರು ಸಲ ಕೇಳಿದರಂತೆ. ನಾನು ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ಹೋಗುವಷ್ಟರಲ್ಲಿ ಅಣ್ಣ ಅವರನ್ನು ಕಾರಿನಲ್ಲಿ ಹುಬ್ಬಳ್ಳಿಗೆ ಹೊರಡಿಸಿದ್ದ. ಅದು ನೂರು ಕಿಲೋಮೀಟರಿನ ದಾರಿ. ಜಿಲ್ಲೆಗೆ ಒಂದು ಸುಸಜ್ಜಿತ ದೊಡ್ಡ ಆಸ್ಪತ್ರೆ ಬೇಕು ಎಂದು 2022ರಲ್ಲಿ ನಾವೆಲ್ಲ ಕೂಗಿದ್ದು ಸುಮ್ಮನೆ ಅಲ್ಲ. ತಜ್ಞ ವೈದ್ಯರು ಘಟ್ಟದ ಆಚೆಗೋ ಮಣಿಪಾಲದಲ್ಲೋ ಇದ್ದರೆ, ಚೀಲ ಹಿಡಿದು ಮನೆ ಬಾಗಿಲಿಗೆ ಬರುವವರೇ ಜನಕ್ಕೆ ವೈದ್ಯರಾಗುತ್ತಾರೆ.

ಹುಬ್ಬಳ್ಳಿಯ ವೈದ್ಯರು, ಅತ್ತಿಗೆ ಬಂದ ಕೂಡಲೇ, ಏನೇನು ಗುಳಿಗೆ ತಿನ್ನುತ್ತಿದ್ದಾರೆ ಎಂದು ಕೇಳಿದರು. ಅದೃಷ್ಟಕ್ಕೆ ಮಗಳು ಫ್ರಿಜ್ಜಿನ ಮೇಲಿದ್ದ ಎಲ್ಲ ಡಬ್ಬಿಗಳನ್ನೂ ಖಾಲಿ ಪೊಟ್ಟಣಗಳನ್ನೂ ಒಂದು ಕೊಟ್ಟೆಯಲ್ಲಿ ತುಂಬಿ ತಂದಿದ್ದಳು. ಪೊಟ್ಟಣ ನೋಡಿದವರೇ ಕ್ಯಾಲ್ಸಿಯಂ ಪರೀಕ್ಷೆಗೆ ಬರೆದರು. ರಕ್ತದಲ್ಲಿ ಕ್ಯಾಲ್ಸಿಯಂ ಸುಮಾರು 8.5ರಿಂದ 10.5 ಇರಬೇಕು, ಅತ್ತಿಗೆಯದು 14 ದಾಟಿತ್ತು. ವಿಟಮಿನ್ ಡಿ ರಿಪೋರ್ಟಿನಲ್ಲಿ ಅಂಕಿಯೇ ಇರಲಿಲ್ಲ, 150ಕ್ಕಿಂತ ಹೆಚ್ಚು ಎಂದಷ್ಟೇ ಇತ್ತು. ಆ ಯಂತ್ರ ಅಳೆಯುವ ಮಿತಿಯನ್ನೇ ಮೀರಿತ್ತು. ಕ್ರಿಯಾಟಿನಿನ್ ಕೂಡ ಏರಿತ್ತು, ಅಂದರೆ ಕಿಡ್ನಿ ಸೋಲುತ್ತಿತ್ತು.

ಡಿ ಹೆಚ್ಚಾದರೆ ಕರುಳು ಊಟದ ಕ್ಯಾಲ್ಸಿಯಂ ಅನ್ನು ವಿಪರೀತ ಹೀರುತ್ತದೆ, ಎಲುಬಿನಿಂದಲೂ ಕ್ಯಾಲ್ಸಿಯಂ ರಕ್ತಕ್ಕೆ ಬರುತ್ತದೆ. ರಕ್ತದಲ್ಲಿ ಅದು ಏರಿದಾಗ ಕಿಡ್ನಿಗೆ ನೀರು ಹಿಡಿದಿಡಲು ಆಗುವುದಿಲ್ಲ. ಅದಕ್ಕೇ ಆ ಮೂತ್ರ, ಆ ದಾಹ. ಮೈಯ ನೀರು ಹೋದಷ್ಟೂ ಕ್ಯಾಲ್ಸಿಯಂ ಇನ್ನೂ ಏರುತ್ತದೆ, ವಾಂತಿ ಅದಕ್ಕೆ ಸೇರಿಕೊಳ್ಳುತ್ತದೆ, ಕೊನೆಗೆ ಮಂಕು ಕವಿಯುತ್ತದೆ. ಬಾಟಲಿಗಟ್ಟಲೆ ಸಲೈನ್ ಹಾಕಿದರು, ಸ್ಟೀರಾಯ್ಡ್ ಕೊಟ್ಟರು, ಹಾಲು ಮೊಸರು ನಿಲ್ಲಿಸಿದರು. ಕ್ಯಾಲ್ಸಿಯಂ ಇಳಿದು ಮನೆಗೆ ಬಂದ ಮೇಲೂ ಮುಗಿಯಲಿಲ್ಲ. ಕೊಬ್ಬಿನಲ್ಲಿ ಸೇರಿಕೊಂಡ ಡಿ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಹೊರಬರುತ್ತದೆ, ಹಾಗಾಗಿ ಆಗಾಗ ರಕ್ತ ಕೊಟ್ಟು ನೋಡುತ್ತಿರಬೇಕಾಯಿತು. ಕಿಡ್ನಿ ಚೇತರಿಸಿಕೊಂಡಿತು. ಎಲ್ಲರಿಗೂ ಹಾಗೆ ಚೇತರಿಸಿಕೊಳ್ಳುವುದಿಲ್ಲ ಎಂದು ವೈದ್ಯರು ಅಣ್ಣನಿಗೆ ನೇರವಾಗಿಯೇ ಹೇಳಿದರು.

ಇಷ್ಟೆಲ್ಲ ಆಗುವಾಗ ಮೊದಲಿನ ಸುಸ್ತಿನ ಕಾರಣ ಅಲ್ಲೇ ಕೂತಿತ್ತು. ಅತ್ತಿಗೆಯ ಹಿಮೋಗ್ಲೋಬಿನ್ 8ರ ಆಸುಪಾಸು. ಹೆಂಗಸರಿಗೆ 12 ಇರಬೇಕು. ಬಹಳ ಕಾಲದಿಂದ ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿತ್ತು, ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಸ್ಕ್ಯಾನಿಂಗ್ ಮಾಡಿದಾಗ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಕಂಡಿತು. ಮಲ್ಟಿವಿಟಮಿನ್ನಿನಲ್ಲಿ ಚೂರು ಕಬ್ಬಿಣಾಂಶ ಇತ್ತು ನಿಜ, ಆದರೆ ಅದನ್ನು ಕ್ಯಾಲ್ಸಿಯಂ ಜೊತೆ ನುಂಗಿ ಮೇಲೆ ಚಹಾ ಕುಡಿದರೆ ಮೈಗೆ ಹತ್ತುವುದು ಅಷ್ಟಕ್ಕಷ್ಟೆ. ಕ್ಯಾಲ್ಸಿಯಂ, ಚಹಾ ಎರಡೂ ಕಬ್ಬಿಣವನ್ನು ತಡೆಯುತ್ತವೆ. ಈಗ ಗಡ್ಡೆಗೆ ಚಿಕಿತ್ಸೆ ನಡೆಯುತ್ತಿದೆ, ಕಬ್ಬಿಣದ ಗುಳಿಗೆಯನ್ನು ನಿಂಬೆ ಪಾನಕದ ಜೊತೆ ತೆಗೆದುಕೊಳ್ಳುತ್ತಾರೆ, ಮೆಟ್ಟಿಲು ಹತ್ತಿದರೆ ಏದುಸಿರಿಲ್ಲ. ಸಾವಿರಾರು ರೂಪಾಯಿಯ ಡಬ್ಬಿ ಮಾಡದ ಕೆಲಸವನ್ನು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಟ್ಟಿ ಸಿಗುವ ಕೆಂಪು ಗುಳಿಗೆ ಮಾಡಿತು. ಒಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಸಿಡ್ ಇರುತ್ತದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಅದನ್ನು ಕೈಗೆ ಸಿಗದಂತೆ ಇಡಿ. ಮಿಠಾಯಿ ಎಂದು ಹಿಡಿ ತುಂಬಾ ನುಂಗಿದ ಮಗುವಿನ ಜೀವಕ್ಕೇ ಅಪಾಯ.

ವಿಟಮಿನ್ ಗುಳಿಗೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಬಿ12 ಸಸ್ಯಾಹಾರದಲ್ಲಿ ಸಿಗುವುದು ಮುಖ್ಯವಾಗಿ ಹಾಲು, ಮೊಸರು, ಮಜ್ಜಿಗೆಯಲ್ಲಿ. ಕರಾವಳಿಯಲ್ಲಿ ಬಂಗಡೆ ತಿನ್ನುವವರಿಗಿಂತ ಘಟ್ಟದ ಮೇಲಿನ ಸಸ್ಯಾಹಾರಿ ಮನೆಗಳಲ್ಲಿ ಅದರ ಕೊರತೆಯ ಸಂಭವ ಹೆಚ್ಚು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಿನ್ನುವವರಿಗೆ, ವರ್ಷಗಟ್ಟಲೆ ಆಸಿಡಿಟಿ ಗುಳಿಗೆ ನುಂಗುವವರಿಗೆ ಇನ್ನೂ ಹೆಚ್ಚು. ಅಂಥವರು ಪರೀಕ್ಷೆ ಮಾಡಿಸಿ, ಕೊರತೆ ಇದ್ದರೆ ಬಿ12 ತೆಗೆದುಕೊಳ್ಳಲೇಬೇಕು. ಆದರೆ ಬಿ12 ಕೊರತೆ ಇರುವವರು ಬರೀ ಫೋಲಿಕ್ ಆಸಿಡ್ ತಿಂದರೆ ರಕ್ತ ಸರಿಯಾದಂತೆ ಕಾಣುತ್ತದೆ, ನರ ಒಳಗೊಳಗೇ ಹಾಳಾಗುತ್ತದೆ. ಅಂದಾಜಿನ ಮೇಲೆ ತಿನ್ನಬೇಡಿ ಎನ್ನುವುದು ಇದಕ್ಕೇ.

ಕೂದಲಿಗೆ, ಉಗುರಿಗೆ ಎಂದು ಬಯೋಟಿನ್ ತಿನ್ನುವ ಹುಡುಗಿಯರು ಇನ್ನೊಂದು ವಿಷಯ ತಿಳಿದಿರಬೇಕು. ಅದು ಥೈರಾಯ್ಡ್ ರಿಪೋರ್ಟನ್ನು ತಪ್ಪಾಗಿ ತೋರಿಸಬಹುದು, ಹೃದಯಾಘಾತ ಪತ್ತೆ ಮಾಡುವ ಟ್ರೋಪೋನಿನ್ ಪರೀಕ್ಷೆಯನ್ನೂ ಕೆಡಿಸಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ಪರೀಕ್ಷೆಗೆ ಮೊದಲು ಲ್ಯಾಬಿನವರಿಗೂ ವೈದ್ಯರಿಗೂ ಹೇಳಿ. ಥೈರಾಯ್ಡ್ ಗುಳಿಗೆ ತಿನ್ನುವವರು ಕಬ್ಬಿಣ, ಕ್ಯಾಲ್ಸಿಯಂಗಳನ್ನು ಅದರಿಂದ ನಾಲ್ಕು ಗಂಟೆ ದೂರ ಇಡಬೇಕು. ಗಿಡಮೂಲಿಕೆ ಎಂದರೆ ಭಯವಿಲ್ಲ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿ. ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಕಷಾಯವನ್ನು ದಿನಾ ಕುಡಿದವರಲ್ಲಿ ಲಿವರ್ ಕೆಟ್ಟದ್ದನ್ನು 2021ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದ್ದಾರೆ.

ನಿಮ್ಮ ಮನೆಗೆ ಬರುವ ಡಬ್ಬಿಯನ್ನು ತಿರುಗಿಸಿ ಸಣ್ಣ ಅಕ್ಷರ ಓದಿ. ಇಂಥ ಸಪ್ಲಿಮೆಂಟುಗಳ ಮೇಲೆ "ಔಷಧವಾಗಿ ಬಳಸಲು ಅಲ್ಲ" ಎಂದು, ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಬರೆದಿರಲೇಬೇಕು, ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐಯ 2016ರ ನಿಯಮ ಅದು. ಕಾನೂನಿನ ಪ್ರಕಾರ ಅದು ಆಹಾರ. ಅದನ್ನೇ ಹಿಡಿದು ಸಕ್ಕರೆ ಕಾಯಿಲೆ, ಗಂಟುನೋವು, ಸುಸ್ತು ಎಲ್ಲ ಗುಣವಾಗುತ್ತದೆ ಎಂದು ಹೇಳುವವರಿಗೆ ಆ ಸಾಲನ್ನು ತೋರಿಸಿ.

ಎರಡು ಮೂರು ವಾರ ಸರಿಯಾಗಿ ನಿದ್ದೆ ಮಾಡಿ, ಹೊತ್ತಿಗೆ ಸರಿಯಾಗಿ ಊಟ ಮಾಡಿದರೂ ಸುಸ್ತು ಹೋಗದಿದ್ದರೆ ಮೊದಲು ರಕ್ತ ಕೊಡಿ. ಹಿಮೋಗ್ಲೋಬಿನ್, ಸಕ್ಕರೆ, ಟಿಎಸ್‌ಎಚ್ ಎಂಬ ಥೈರಾಯ್ಡ್ ಪರೀಕ್ಷೆ, ಕ್ರಿಯಾಟಿನಿನ್; ವೈದ್ಯರು ಹೇಳಿದರೆ ಬಿ12, ಮೈಯಲ್ಲಿ ಕಬ್ಬಿಣ ಎಷ್ಟು ಉಳಿದಿದೆ ಎಂದು ತೋರಿಸುವ ಫೆರಿಟಿನ್. ಸುಸ್ತಿನ ಜೊತೆ ತೂಕ ಇಳಿಯುತ್ತಿದ್ದರೆ, ಸಂಜೆ ಜ್ವರ ಬರುತ್ತಿದ್ದರೆ, ಎದೆ ಹಿಡಿದಂತಾಗುತ್ತಿದ್ದರೆ, ಮುಟ್ಟಿನ ರಕ್ತ ಹೆಚ್ಚಿದ್ದರೆ ಅಷ್ಟು ದಿನವೂ ಕಾಯಬೇಡಿ. ರಾತ್ರಿ ಜೋರಾಗಿ ಗೊರಕೆ ಹೊಡೆದು ಹಗಲು ತೂಕಡಿಸುವವರು ಅದನ್ನೂ ಬಾಯಿಬಿಟ್ಟು ಹೇಳಿ, ಮನಸ್ಸು ಕುಗ್ಗಿದ್ದರೆ ಅದನ್ನೂ ಹೇಳಿ.

60,000ದ ಪೊಟ್ಟಣವನ್ನು ಯಾರಾದರೂ ದಿನಾ ತೆಗೆದುಕೊಳ್ಳುತ್ತಿದ್ದರೆ ಇವತ್ತೇ ನಿಲ್ಲಿಸಿ, ಕ್ಯಾಲ್ಸಿಯಂ ಗುಳಿಗೆಯನ್ನೂ ನಿಲ್ಲಿಸಿ, ರಕ್ತದ ಕ್ಯಾಲ್ಸಿಯಂ ಮತ್ತು ಕ್ರಿಯಾಟಿನಿನ್ ನೋಡಿಸಿ. ದಾಹ, ವಾಂತಿ, ಮಲಬದ್ಧತೆ, ಮಂಕು ಇದ್ದರೆ ಕಷಾಯ ಕುಡಿಸುತ್ತಾ ಕೂರದೆ ಆಸ್ಪತ್ರೆಗೆ ಒಯ್ಯಿರಿ, ಮನೆಯಲ್ಲಿರುವ ಎಲ್ಲ ಡಬ್ಬಿ ಪೊಟ್ಟಣಗಳನ್ನೂ ಜೊತೆಗೇ ಒಯ್ಯಿರಿ. ಔಷಧದಿಂದ ತೊಂದರೆಯಾದರೆ ದೂರು ದಾಖಲಿಸಲು ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ ಇದೆ: 1800-180-3024. ರೋಗಿಯ ಮನೆಯವರೂ ಕರೆ ಮಾಡಬಹುದು.